ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟೋಕಾಗುತ್ತಾ?

ಶಿಡ್ಲಘಟ್ಟದ ಹತ್ತಿರ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಆಗ ನಲವತ್ತೆರಡು. ಬೆಳಗ್ಗೆ ಹಾಲು ಕರೆಯೋಕೆ ಕೂತರೆ ಬೆರಳು ಮಡಚುತ್ತಿರಲಿಲ್ಲ. ಎರಡೂ ಕೈದು. ಬಿಸಿನೀರಲ್ಲಿ ಅದ್ದಿ, ಒಲೆ ಮುಂದೆ ಕಾಯಿಸಿಕೊಂಡು, ಹೇಗೋ ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಆದರೆ ಹತ್ತು ಗಂಟೆಗೆ ಅದೇ ಕೈ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿತ್ತು! ಹಾಗಾಗಿ ಮನೆಯಲ್ಲಿ ಯಾರೂ ನಂಬಲಿಲ್ಲ. ನಾನೂ ಅಷ್ಟೇ.

ಊರವರು ಹೇಳಿದ್ದು ಒಂದೇ, ಬೋರ್‌ವೆಲ್ ನೀರು. ಸುಮ್ನೆ ಹೇಳುವ ಮಾತಲ್ಲ ಅದು. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡದ ಕಡೆ ಆಳದ ಬಂಡೆಯಿಂದ ಬರುವ ನೀರಲ್ಲಿ ಎಷ್ಟೋ ಕಡೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಚಿಕ್ಕಂದಿನಿಂದ ಕುಡಿದವರ ಹಲ್ಲಿನ ಕಂದು ಪಟ್ಟೆ ನೋಡಿದರೇ ಗೊತ್ತಾಗುತ್ತದೆ. ಪ್ರಮಾಣ ತೀರಾ ಜಾಸ್ತಿಯಾಗಿ ವರ್ಷಗಟ್ಟಲೆ ಕುಡಿದರೆ ಬೆನ್ನು, ಕತ್ತು ಬಿಗಿದು ಬಗ್ಗೋಕೂ ಆಗಲ್ಲ. ಇನ್ನು 2006ರ ಚಿಕುನ್‌ಗುನ್ಯ ಆದಮೇಲೆ ಯಾವ ಕೀಲು ನೋವಿಗೂ ಅದರ ಹೆಸರೇ. ಈ ಎರಡರ ನಡುವೆ ಮೂರನೆಯದು ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ರುಮಟಾಯ್ಡ್ ಆರ್ಥ್ರೈಟಿಸ್. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದಿ, ದಪ್ಪಗಾಗಿ, ಪಕ್ಕದ ಮೂಳೆಯನ್ನೇ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಉರಿಯೂತದ ರಾಸಾಯನಿಕಗಳು ಬೆಳಗಿನ ಜಾವ ಏರುವುದರಿಂದ ಎದ್ದಾಗಲೇ ಬಿಗಿತ. ಸವೆದ ಮಂಡಿಯೂ ಬೆಳಗ್ಗೆ ಹಿಡಿಯುತ್ತದೆ, ಆದರೆ ಹತ್ತಿಪ್ಪತ್ತು ನಿಮಿಷ ಓಡಾಡಿದರೆ ಬಿಡುತ್ತದೆ. ಇದು ಗಂಟೆಗಟ್ಟಲೆ ಬಿಡಲ್ಲ. ಬೆರಳಿನ ಬುಡದ ಗಿಣ್ಣು ಎರಡೂ ಕೈಯಲ್ಲಿ ಊದಿ, ಹೀಗೇ ಆರು ವಾರ ಕಳೆದರೆ ನೀರನ್ನು ಬೈದುಕೊಂಡು ಕೂರಬೇಡಿ.

ಈ ರೋಗಕ್ಕೆ ಮಾಡಿಸುವ ರಕ್ತಪರೀಕ್ಷೆ, ಆರ್‌ಎ ಫ್ಯಾಕ್ಟರ್, ಚಿಕ್ಕಮ್ಮನಿಗೆ ನೆಗೆಟಿವ್ ಬಂತು. 'ಏನಿಲ್ಲ, ಹೋಗಮ್ಮ' ಅಂದರು. ಈ ರೋಗ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಅದು ನೆಗೆಟಿವ್ವೇ ಇರುತ್ತದೆ, ಏನೂ ಇಲ್ಲದ ವಯಸ್ಸಾದವರಲ್ಲಿ ಪಾಸಿಟಿವ್ ಬರುವುದೂ ಉಂಟು. ಆಂಟಿ ಸಿಸಿಪಿ, ಇಎಸ್‌ಆರ್ ಅಂತ ಬೇರೆ ರಕ್ತಪರೀಕ್ಷೆ ಎಲ್ಲ ಸರಿ, ಗಿಣ್ಣು ಒತ್ತಿ ನೋಡುವ ಡಾಕ್ಟರ್ ಬೇಕು ಅಲ್ವಾ?

ಆಮೇಲೆ ಶುರುವಾಯಿತು ಅಂಗಡಿಯ ಪೊಟ್ಟಣ. ಹೆಸರಿಲ್ಲದ ಮೂರು ಮಾತ್ರೆ, ಎರಡೇ ದಿನಕ್ಕೆ ನೋವು ಮಾಯ. ಅದರಲ್ಲಿದ್ದದ್ದು ಸ್ಟೀರಾಯ್ಡ್ ಅಂತ ತಿಳಿದದ್ದು ತಡವಾಗಿ. ಸ್ಟೀರಾಯ್ಡ್ ಕೆಟ್ಟ ಔಷಧಿಯೇನಲ್ಲ. ಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಮೇಲಿನ ಕೆಲಸಕ್ಕೆ 1950ರಲ್ಲಿ ನೊಬೆಲ್ ಬಂತು, ಅದನ್ನು ಅಮೆರಿಕದ ಡಾಕ್ಟರ್ ಫಿಲಿಪ್ ಹೆಂಚ್ ಮೊದಲು ಕೊಟ್ಟದ್ದೂ ಇದೇ ರೋಗಕ್ಕೆ. ಸ್ವಲ್ಪ ದಿನಕ್ಕೆ, ಲೆಕ್ಕ ಇಟ್ಟು ಕೊಡಬೇಕಾದ್ದು ಅಷ್ಟೇ. ಚಿಕ್ಕಮ್ಮನ ಮುಖ ದುಂಡಗಾಯಿತು, 'ಮೈ ಬಂದಿದೆ' ಅಂತ ನೆಂಟರೆಲ್ಲ ಖುಷಿಪಟ್ಟರು. ಸಕ್ಕರೆ ಏರಿತ್ತು. ಹಾಗಂತ ಒಮ್ಮೆಲೇ ನಿಲ್ಲಿಸಿದರೂ ಅಪಾಯ, ಮೈ ತನ್ನ ಪಾಲಿನ ಸ್ಟೀರಾಯ್ಡ್ ತಯಾರಿಸುವುದನ್ನೇ ಮರೆತಿರುತ್ತದೆ.

ಕೊನೆಗೆ ಬೆಂಗಳೂರಿನ ರುಮಟಾಲಜಿಸ್ಟ್, ಅಂದರೆ ಇಂಥ ಕೀಲುರೋಗಗಳ ಡಾಕ್ಟರ್, ಬರೆದದ್ದು ಮೆಥೋಟ್ರೆಕ್ಸೇಟ್, ರೋಗನಿರೋಧಕ ಶಕ್ತಿಯ ಈ ದಾಳಿಯನ್ನು ತಗ್ಗಿಸುವ ಮಾತ್ರೆ. ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಚಿಕ್ಕಮ್ಮ ಶನಿವಾರ ಗೊತ್ತು ಮಾಡಿಕೊಂಡಳು, ಆಂಜನೇಯನ ಗುಡಿಗೆ ಹೋಗುವ ದಿನ, ಮರೆಯುವ ಮಾತೇ ಇಲ್ಲ. ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ಲಿವರ್ ಮತ್ತು ರಕ್ತದ ಪರೀಕ್ಷೆ. ಬಸುರಿಯರು, ಮಗು ಬೇಕೆನ್ನುವವರು ಇದನ್ನು ಮುಟ್ಟುವಂತಿಲ್ಲ. ಪೊಟ್ಟಣದ ಹಾಗೆ ಎರಡು ದಿನಕ್ಕೆ ಗುಣ ಕಾಣಲಿಲ್ಲ, ಎರಡು ತಿಂಗಳು ಹಿಡಿಯಿತು.

ಈಗ ಹಾಲು ಕರೆಯುತ್ತಾಳೆ, ಮುದ್ದೆ ತಿರುವುತ್ತಾಳೆ. ಬಲಗೈಯ ಒಂದು ಬೆರಳು ಮಾತ್ರ ಸೊಟ್ಟಗಾದದ್ದು ಹಾಗೇ ಉಳಿಯಿತು. ಮೊನ್ನೆ ಪಕ್ಕದ ಮನೆ ಹುಡುಗಿ, ಬಿಸಿಲಿಗೆ ಹೋದರೆ ಕೆನ್ನೆ ಮೂಗಿನ ಮೇಲೆ ಕೆಂಪು ಗುಳ್ಳೆ ಏಳುತ್ತೆ, ಕೂದಲು ಉದುರುತ್ತೆ, ಕೀಲು ನೋವು ಅಂದಳು. ಚಿಕ್ಕಮ್ಮ ಆಸ್ಪತ್ರೆ ಬೆಂಚಿನ ಮೇಲೆ ಲೂಪಸ್, ಅಂದರೆ ಇದೇ ಥರ ರೋಗನಿರೋಧಕ ಶಕ್ತಿ ಮೈ ಮೇಲೇ ಬೀಳುವ ಇನ್ನೊಂದು ರೋಗ, ಬಂದವರ ಪಕ್ಕ ಕೂತು ಕೂತು ಕಲಿತಿದ್ದಳು ಅನ್ನಿಸುತ್ತೆ, ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೇಳಿದಳು: 'ಮೂತ್ರ ಪರೀಕ್ಷೆ ಮಾಡಿಸಿದ್ಯೇನೇ? ಅದು ಕಿಡ್ನಿಗೂ ಹೋಗುತ್ತಂತೆ.'