ಕ್ಯೂ ತುದಿಯ ಲೆಕ್ಕ: ಟಿಪ್, ಫೆರೂಲ್ ಮತ್ತು ಕೆಲವೇ ಗ್ರಾಂ ತೂಕ

ಪೂಲ್ ಆಡುವ ಕೋಲು ಕ್ಯೂ, ಅದರ ತುದಿಗೆ ಅಂಟಿಸಿದ ಚರ್ಮ ಟಿಪ್, ಟಿಪ್ಪಿನ ಹಿಂದಿನ ಬಳೆ ಫೆರೂಲ್. ಟಿಪ್ ಮೆತ್ತಗಿದ್ದರೆ ಸ್ಪಿನ್ ಹೆಚ್ಚು, ಫೆರೂಲ್ ಗಟ್ಟಿಯಿದ್ದರೆ ಏಟು ನೇರ. ಕಾರವಾರದ ಪೂಲ್ ಟೇಬಲ್‌ಗಳ ಸುತ್ತ ನಿಂತವರಿಂದ ಈ ಎರಡು ಮಾತುಗಳನ್ನು ಕೇಳದವರು ಯಾರೂ ಇರಲಿಕ್ಕಿಲ್ಲ. ಎರಡರಲ್ಲೂ ಅರ್ಧ ಸತ್ಯವಿದೆ. ಕಲಿಯುವವರ ತಲೆ ತಿನ್ನುವುದೇ ಈ ಅರ್ಧ ಸತ್ಯ. ಕ್ಯೂ ರಿಪೇರಿ ಕಲಿಯುತ್ತಿರುವ ನನ್ನಂಥವರಿಗಾಗಿ, ವಿಷಯ ತಲೆಯಲ್ಲಿ ಬಿಸಿಯಿರುವಾಗಲೇ ಬರೆದಿಡುತ್ತಿದ್ದೇನೆ. ಟಿಪ್ ಅಂಟಿಸುವುದು ಹೇಗೆ, ಬದಿ ಸವರುವುದು ಹೇಗೆ ಎಂಬುದೆಲ್ಲ ಕೈಗೆಲಸ. ಪಕ್ಕದಲ್ಲಿ ನಿಂತು ನೋಡಿದರೆ ಬರುತ್ತದೆ, ಅದನ್ನು ಬಿಟ್ಟಿದ್ದೇನೆ.

ಟಿಪ್

ಕ್ಯೂ ತುದಿಗೆ ಚರ್ಮ ಅಂಟಿಸುವ ಕ್ರಮ 19ನೇ ಶತಮಾನದ ಆರಂಭದ್ದು. ಫ್ರಾನ್ಸಿನ ಫ್ರಾನ್ಸ್ವಾ ಮ್ಯಾಂಗೋ ಎಂಬ ಸೈನಿಕನ ಹೆಸರು ಇದರೊಂದಿಗೆ ಸೇರಿಕೊಂಡಿದೆ. ಅಂದಿನಿಂದ ಇಂದಿನವರೆಗೂ ಮುಖ್ಯ ವಸ್ತು ಚರ್ಮವೇ. ಇದರಲ್ಲಿ ಎರಡು ಜಾತಿ. ಒಂದೇ ತುಂಡು ಚರ್ಮದವು: ಎಲ್ಕ್ ಮಾಸ್ಟರ್, ಟ್ರಯಾಂಗಲ್, ಲೆ ಪ್ರೊ. ತೆಳು ಹಂದಿಚರ್ಮದ ಪದರಗಳನ್ನು ಅಂಟಿಸಿ ಒತ್ತಿ ಮಾಡಿದವು: ಮೂರಿ, ಕಮೂಯಿ ಮೊದಲಾದವು. ಒಂದೇ ತುಂಡಿನದು ಅಗ್ಗ, ಆದರೆ ಒಂದೇ ಪೆಟ್ಟಿಗೆಯ ಎರಡು ಟಿಪ್ ಒಂದೇ ತರಹ ಇರುವುದಿಲ್ಲ. ಪದರದ್ದು ದುಬಾರಿ, ಆದರೆ ಸವೆದು ಮುಗಿಯುವವರೆಗೂ ಗುಣ ಹೆಚ್ಚು ಬದಲಾಗುವುದಿಲ್ಲ. ಬ್ರೇಕ್, ಅಂದರೆ ಆಟ ಆರಂಭಿಸುವ ಜೋರು ಏಟು, ಹೊಡೆಯಲೆಂದೇ ಇರುವ ಕ್ಯೂಗಳಲ್ಲಿ ಫಿನಾಲಿಕ್ ಎಂಬ ಪ್ಲಾಸ್ಟಿಕ್‌ನ ಟಿಪ್ ಬರುತ್ತದೆ. ಅದು ಕಲ್ಲಿನಂತೆ ಗಟ್ಟಿ, ಜಾರದಿರಲೆಂದು ಟಿಪ್ಪಿಗೆ ಉಜ್ಜುವ ಚಾಕ್ ಪುಡಿಯನ್ನು ಹಿಡಿಯುವುದು ಕಡಿಮೆ.

ಮೆತ್ತಗಿನ ಟಿಪ್ ಚೆಂಡಿನ ಮೇಲೆ ತುಸು ಹೆಚ್ಚು ಹೊತ್ತು ಇರುತ್ತದೆ ಎನ್ನುವುದು ನಿಜ. ಆದರೆ ಆ ಹೊತ್ತು ಒಟ್ಟು ಒಂದೆರಡು ಮಿಲಿಸೆಕೆಂಡ್. ಸ್ಪಿನ್ ನಿರ್ಧರಿಸುವುದು ಚೆಂಡಿನ ನಡುವಿನಿಂದ ಎಷ್ಟು ದೂರದಲ್ಲಿ ತಾಗಿಸಿದಿರಿ ಎಂಬುದು. ಅಷ್ಟು ದೂರ ಹೋದಾಗ ಜಾರದಂತೆ ಹಿಡಿಯುವುದು ಚಾಕ್ ಮತ್ತು ಟಿಪ್ಪಿನ ಗುಂಡಗಿನ ಆಕಾರ. ಮೆತ್ತಗಿನ ಟಿಪ್ ಚಾಕ್ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಅದರ ಕೀರ್ತಿಯೆಲ್ಲ ಬಂದದ್ದು ಅಲ್ಲಿಂದ ಎಂದು ನನ್ನ ಅಭಿಪ್ರಾಯ.

ನಾಣ್ಯದ ಲೆಕ್ಕ

ಟಿಪ್ಪಿನ ಗುಂಡಗನ್ನು ಅಮೆರಿಕದವರು ತಮ್ಮ ನಿಕಲ್, ಡೈಮ್ ನಾಣ್ಯಗಳ ಅಂಚಿನಿಂದ ಅಳೆಯುತ್ತಾರೆ. ನಿಕಲ್ 21.2 ಮಿ.ಮೀ. ಅಗಲ, ಡೈಮ್ 17.9. ನಮ್ಮ ಜೇಬಿನಲ್ಲಿ ಅವಿಲ್ಲ, ಬೇಕಾಗಿಯೂ ಇಲ್ಲ. 2011ರ ಸರಣಿಯ ಒಂದು ರೂಪಾಯಿ 22 ಮಿ.ಮೀ., ನಿಕಲ್‌ಗೆ ಹತ್ತಿರ. ಅದೇ ಸರಣಿಯ 50 ಪೈಸೆ 19 ಮಿ.ಮೀ., ಡೈಮ್‌ಗೆ ಹತ್ತಿರ. ಅಂಗಡಿಯವರು ಮುಟ್ಟದ ಆ 50 ಪೈಸೆಗೆ ಇಲ್ಲಾದರೂ ಒಂದು ಕೆಲಸವಿದೆ. 2019ರಿಂದ ಬಂದ ಒಂದು ರೂಪಾಯಿ 20 ಮಿ.ಮೀ., ಎರಡರ ನಡುವಿನದು.

ಇಷ್ಟೇ ಆಕಾರ ಏಕೆ ಎನ್ನುವುದಕ್ಕೆ ಲೆಕ್ಕವಿದೆ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ನಡುವಿನಿಂದ ತ್ರಿಜ್ಯದ ಸುಮಾರು ಅರ್ಧದಷ್ಟು, ಅಂದರೆ 14 ಮಿ.ಮೀ.ಗಿಂತ ಆಚೆ ಹೊಡೆದರೆ ಮಿಸ್‌ಕ್ಯೂ ಆಗುತ್ತದೆ, ಅಂದರೆ ಟಿಪ್ ಚೆಂಡಿನಿಂದ ಜಾರುತ್ತದೆ. ಆ ಗಡಿಯಲ್ಲಿ ಹೊಡೆದಾಗ ಟಿಪ್ ಚೆಂಡಿಗೆ ತಾಗುವ ಜಾಗವೂ ಟಿಪ್ಪಿನ ನಡುವಿನಿಂದ ಅದರ ಗುಂಡಗಿನ ತ್ರಿಜ್ಯದ ಅರ್ಧದಷ್ಟು ದೂರದಲ್ಲಿ ಇರುತ್ತದೆ. ಒಂದು ರೂಪಾಯಿಯ ತ್ರಿಜ್ಯ 11, ಅರ್ಧ 5.5. ಟಿಪ್ ಅಗಲ 13 ಮಿ.ಮೀ. ಇದ್ದರೆ ಅದರ ಅಂಚು ನಡುವಿನಿಂದ 6.5ರಲ್ಲಿದೆ. ಒಂದು ಮಿ.ಮೀ. ಚರ್ಮ ಉಳಿದಿದೆ, ಕೆಲಸ ನಡೆಯುತ್ತದೆ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ. ಅದರಂತೆ ಚಪ್ಪಟೆಯಾಗಿ ಸವರಿದರೆ ತಾಗುವ ಜಾಗ 6.75ಕ್ಕೆ ಬರುತ್ತದೆ, ಟಿಪ್ಪೇ ಅಲ್ಲಿಲ್ಲ. 9.5 ಮಿ.ಮೀ. ಸ್ನೂಕರ್ ಕ್ಯೂನಲ್ಲಿ ಪೂಲ್ ಆಡುವವರು ನಮ್ಮಲ್ಲಿ ಬಹಳ. ಅವರ ಟಿಪ್ಪಿನ ಅಂಚು 4.75ರಲ್ಲಿದೆ. 50 ಪೈಸೆ ಸರಿಯಾಗಿ ಅಂಚಿಗೇ ಬಂದು ನಿಲ್ಲುತ್ತದೆ, ಆದ್ದರಿಂದ ಅದಕ್ಕಿಂತ ತುಸು ಚೂಪಾಗಿಯೇ ಸವರಬೇಕು.

ಫೆರೂಲ್: ಇಲ್ಲೇ ಗಂಟು

ಫೆರೂಲ್ ಇರುವುದು ಶಾಫ್ಟಿನ, ಅಂದರೆ ಕ್ಯೂನ ಮುಂಭಾಗದ, ಮರ ಸೀಳದಂತೆ ತಡೆಯಲು, ಟಿಪ್ ಅಂಟಲು ಸಮತಟ್ಟಾದ ನೆಲೆ ಕೊಡಲು. ಹಿಂದೆ ಇದನ್ನು ಆನೆದಂತದಿಂದ ಮಾಡುತ್ತಿದ್ದರು. ಶಿರಸಿ, ಕುಮಟಾ ಕಡೆಯ ಗುಡಿಗಾರರು ಗಂಧದ ಜೊತೆಗೆ ದಂತವನ್ನೂ ಕೆತ್ತುತ್ತಿದ್ದ ಕಾಲವಿತ್ತು. ಈಗ ಕಾನೂನು ಅದಕ್ಕೆಲ್ಲ ತೆರೆ ಎಳೆದಿದೆ, ಒಳ್ಳೆಯದೇ ಆಯಿತು. ಇಂದಿನ ವಸ್ತುಗಳು ಎಬಿಎಸ್ ಪ್ಲಾಸ್ಟಿಕ್, ಮೆಲಮೈನ್, ಬಟ್ಟೆ ಸೇರಿಸಿದ ಫಿನಾಲಿಕ್. ಸ್ನೂಕರ್ ಕ್ಯೂಗಳಲ್ಲಿ ಹಿತ್ತಾಳೆ, ಕೆಲವೊಮ್ಮೆ ಟೈಟಾನಿಯಂ.

ಚೆಂಡಿನ ಬಲಕ್ಕೆ ಹೊಡೆದರೆ ಚೆಂಡು ನಾವು ಗುರಿಯಿಟ್ಟ ಗೆರೆಗಿಂತ ತುಸು ಎಡಕ್ಕೆ ಹೊರಡುತ್ತದೆ. ಇದಕ್ಕೆ ಸ್ಕ್ವರ್ಟ್ ಎನ್ನುತ್ತಾರೆ. ಕಾರಣ ಹೀಗೆ: ಚೆಂಡು ತಿರುಗಲು ಆರಂಭಿಸಿದಾಗ ತನಗೆ ಅಂಟಿಕೊಂಡಿರುವ ಟಿಪ್ಪನ್ನು ಬದಿಗೆ ತಳ್ಳುತ್ತದೆ. ಟಿಪ್ ಅಷ್ಟೇ ಬಲದಿಂದ ಚೆಂಡನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಬದಿಗೆ ಸರಿಸಬೇಕಾದ ತುದಿ ಭಾರವಾಗಿದ್ದಷ್ಟೂ ಮರುತಳ್ಳು ಹೆಚ್ಚು, ಚೆಂಡು ಗೆರೆ ತಪ್ಪುವುದೂ ಹೆಚ್ಚು.

ಇಡೀ ಕ್ಯೂ ಅರ್ಧ ಕಿಲೋಗಿಂತ ಹೆಚ್ಚು ತೂಗುವಾಗ ತುದಿಯ ಮೂರು ಗ್ರಾಂ ಯಾವ ಲೆಕ್ಕ? ನನ್ನ ತಲೆಯಲ್ಲಿ ಗಂಟಾಗಿ ಕುಳಿತಿದ್ದ ಪ್ರಶ್ನೆ ಇದೇ. ಉತ್ತರ ಟಿಪ್ ಚೆಂಡಿಗೆ ತಾಗಿರುವ ಆ ಒಂದೆರಡು ಮಿಲಿಸೆಕೆಂಡಿನಲ್ಲಿದೆ. ಬದಿಗೆ ತಳ್ಳಿದ ಸುದ್ದಿ ಮರದ ಮೂಲಕ ಹಿಂದಕ್ಕೆ ಹೋಗಲು ಸಮಯ ಬೇಕು. ಟಿಪ್ ಚೆಂಡನ್ನು ಬಿಡುವಷ್ಟರಲ್ಲಿ ಆ ಅಲೆ ತುದಿಯಿಂದ ಸುಮಾರು ಒಂದು ಗೇಣು ಹೋಗಿರುತ್ತದೆ, ಅಷ್ಟೇ. ಹಿಂದಿನ ಹಿಡಿಕೆಗೆ, ಅದರೊಳಗಿನ ತೂಕದ ಬೋಲ್ಟಿಗೆ ಏನಾಯಿತೆಂದೇ ತಿಳಿದಿರುವುದಿಲ್ಲ. ಲೆಕ್ಕಕ್ಕೆ ಬರುವುದು ಆ ಒಂದು ಗೇಣು ಮಾತ್ರ, ಅದರಲ್ಲೂ ತುತ್ತತುದಿ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಫೆರೂಲ್ ಕೊಳ್ಳುವಾಗ ನೋಡಬೇಕಾದದ್ದು ತೂಕ. ಗಟ್ಟಿತನ ಏಟಿನ ಸದ್ದನ್ನೂ ಬಾಳಿಕೆಯನ್ನೂ ಬದಲಿಸುತ್ತದೆ, ಸ್ಕ್ವರ್ಟನ್ನು ಅಷ್ಟಾಗಿ ಅಲ್ಲ.

ಈಗ ತೂಗೋಣ. ಹೊರ ವ್ಯಾಸ 13 ಮಿ.ಮೀ., ಒಳಗಿನ ಮರದ ಗೂಟ 8 ಮಿ.ಮೀ., ಉದ್ದ 25 ಮಿ.ಮೀ. ಎಂದಿಟ್ಟುಕೊಳ್ಳಿ. ಗಾತ್ರ ಸುಮಾರು 2.06 ಘನ ಸೆಂ.ಮೀ. ಇದನ್ನು ಎಬಿಎಸ್‌ನಲ್ಲಿ ಮಾಡಿದರೆ 2.2 ಗ್ರಾಂ, ಫಿನಾಲಿಕ್‌ನಲ್ಲಿ 2.9, ದಂತದಲ್ಲಿ 3.7, ಟೈಟಾನಿಯಂನಲ್ಲಿ 9.3, ಹಿತ್ತಾಳೆಯಲ್ಲಿ 17.5 ಗ್ರಾಂ. ಅಲ್ಲಿಗೆ ಹಿತ್ತಾಳೆ ಬೇಡವೇ ಬೇಡ ಎನ್ನಿಸುತ್ತದೆ. ಹಾಗಾದರೆ ಸ್ನೂಕರ್‌ನವರಿಗೆ ಬುದ್ಧಿಯಿಲ್ಲವೇ?

ಅವರ ಫೆರೂಲ್ ಒಂದನ್ನು ಬಿಚ್ಚಿ ವರ್ನಿಯರ್‌ನಲ್ಲಿ ಹಿಡಿದರೆ ಉತ್ತರ ಸಿಗುತ್ತದೆ. ಹೊರಗೆ 9.5, ಒಳಗೆ 8.1, ಉದ್ದ 9 ಮಿ.ಮೀ. ಕಾಗದದ ಸುರುಳಿಯಂತೆ ತೆಳ್ಳಗಿನ ಬಳೆ. ಲೆಕ್ಕ ಮಾಡಿದರೆ 1.5 ಗ್ರಾಂ! ಪೂಲ್ ಕ್ಯೂನ ಪ್ಲಾಸ್ಟಿಕ್‌ಗಿಂತ ಹಗುರ. ಲೋಹಕ್ಕೆ ಬಲವಿರುವುದರಿಂದ ಗೋಡೆಯನ್ನು ತೆಳ್ಳಗೆ ಮಾಡಬಹುದು, ಪ್ಲಾಸ್ಟಿಕ್ಕಿಗೆ ಆ ಸೌಕರ್ಯವಿಲ್ಲ. ವಸ್ತುವಿನ ಹೆಸರು ಕೇಳಿ ತೀರ್ಮಾನಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅನುಮಾನವಿದ್ದರೆ ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ. ಅವರು ನಗುತ್ತಾರೆ, ಆದರೆ ತೂಗಿ ಕೊಡುತ್ತಾರೆ.

ಎಬಿಎಸ್‌ಗೂ ಫಿನಾಲಿಕ್‌ಗೂ ಇರುವ ವ್ಯತ್ಯಾಸ ಮುಕ್ಕಾಲು ಗ್ರಾಂ ಕೂಡ ಇಲ್ಲ. ಅದಕ್ಕಾಗಿ ಜಗಳವಾಡುವುದಕ್ಕಿಂತ ಫೆರೂಲ್ ಉದ್ದವನ್ನು ಅರ್ಧ ಮಾಡುವುದು ಮೇಲು. ಶಾಫ್ಟನ್ನೇ 13ರಿಂದ 12 ಮಿ.ಮೀ.ಗೆ ಇಳಿಸಿದರೆ ತುದಿಯ ತೂಕ ಸುಮಾರು ಶೇ. 15ರಷ್ಟು ಇಳಿಯುತ್ತದೆ. 1990ರ ದಶಕದಲ್ಲಿ ಪ್ರಿಡೇಟರ್ ಕಂಪನಿ ಶಾಫ್ಟಿನ ತುದಿಯೊಳಗೆ ತೂತು ಕೊರೆದು ಮಾರಿದ್ದೂ ಇದೇ ಲೆಕ್ಕದ ಮೇಲೆ. ಪಂದ್ಯಕ್ಕೆ ಹೋಗುವವರು ಒಂದು ನಿಯಮ ನೆನಪಿಡಬೇಕು: ವಿಶ್ವ ಪೂಲ್ ಸಂಸ್ಥೆಯ ಪ್ರಕಾರ ಲೋಹದ ಫೆರೂಲ್ ಒಂದು ಇಂಚಿಗಿಂತ ಉದ್ದವಿರಬಾರದು, ಟಿಪ್ ಅಗಲ 14 ಮಿ.ಮೀ. ದಾಟಬಾರದು.

ಮಳೆಗಾಲ

ಜೂನ್ ಬಂತೆಂದರೆ ಕರಾವಳಿಯಲ್ಲಿ ಚರ್ಮದ ಗುಣವೇ ಬೇರೆ. ಯಕ್ಷಗಾನದ ಮದ್ದಳೆಯ ಚರ್ಮ ತಂಪು ಹಿಡಿದು ಸಡಿಲವಾಗುತ್ತದಲ್ಲ, ಟಿಪ್ಪಿನದೂ ಅದೇ ಪಾಡು. ಮೆತ್ತಗಿನ ಒಂದೇ ತುಂಡಿನ ಟಿಪ್ ನೀರು ಹೀರಿ ಉಬ್ಬಿ, ನಾಲ್ಕು ಬ್ರೇಕ್ ಹೊಡೆಯುವಷ್ಟರಲ್ಲಿ ಫೆರೂಲಿನ ಅಂಚಿನಿಂದ ಹೊರಗೆ ಅಣಬೆಯಾಗುತ್ತದೆ. ಬೇಸಿಗೆಯಲ್ಲಿ ಮೆತ್ತಗಿನದು ಹಾಕುವವರು ಮಳೆಗಾಲದಲ್ಲಿ ಮಧ್ಯಮ ಗಟ್ಟಿಯ ಪದರದ ಟಿಪ್ ಹಾಕಿಕೊಳ್ಳಲಿ. ಚಾಕನ್ನು ಡಬ್ಬಿಯಲ್ಲಿ ಮುಚ್ಚಿಡಿ, ತೇವ ಹಿಡಿದ ಚಾಕ್ ಟಿಪ್ಪಿಗೆ ಹತ್ತುವುದಿಲ್ಲ, ಮೇಲೆ ಜಾರುತ್ತದೆ.

ಅಂಟಿಗೆ ಫೆವಿಕ್ವಿಕ್ ಜಾತಿಯದು ಸಾಕು, ಆದರೆ ನೀರಿನಂಥದ್ದಕ್ಕಿಂತ ಜೆಲ್ ಒಳ್ಳೆಯದು. ನೀರಿನಂಥದ್ದು ಚರ್ಮದೊಳಗೆ ಇಳಿದು ಟಿಪ್ಪಿನ ತಳವನ್ನು ಗಟ್ಟಿ ಮಾಡಿಬಿಡುತ್ತದೆ. ಹೊರಗೆ ಸೋರಿದ ಅಂಟನ್ನು ಉಗುರುಬಣ್ಣ ತೆಗೆಯುವ ದ್ರವದಿಂದ ಒರೆಸುವ ಮೊದಲು ಫೆರೂಲ್ ಯಾವುದೆಂದು ನೋಡಿ. ಆ ದ್ರವದಲ್ಲಿ ಅಸಿಟೋನ್ ಇದ್ದರೆ ಎಬಿಎಸ್ ಕರಗಿ ಮೈಯೆಲ್ಲ ಅಂಟಂಟಾಗುತ್ತದೆ. ಫಿನಾಲಿಕ್ ಆದರೆ ಚಿಂತೆಯಿಲ್ಲ. ಯಾವುದೆಂದು ತಿಳಿಯದಿದ್ದರೆ ಬ್ಲೇಡಿನಿಂದ ಕೆರೆದು ತೆಗೆಯಿರಿ.