ಕೈಗೆ ಮಣ್ಣು ಹತ್ತಬೇಕು

ನಮ್ಮ ಬಡಾವಣೆಯ ಉದ್ಯಾನದ ಗೇಟಿನ ಪಕ್ಕ ಹಸಿರು ಬಣ್ಣದ ಫಲಕವೊಂದಿದೆ. ಹುಲ್ಲಿನ ಮೇಲೆ ನಡೆಯಬೇಡಿ, ಹೂ ಕೀಳಬೇಡಿ, ಗಿಡಗಳನ್ನು ಮುಟ್ಟಬೇಡಿ. ಬೆಳಿಗ್ಗೆ ವಾಕಿಂಗ್‌ಗೆ ಬರುವವರು ಟೈಲ್ಸ್ ಹಾಸಿದ ದಾರಿಯಲ್ಲಿ ಹತ್ತು ಸುತ್ತು ಹಾಕಿ, ಒಮ್ಮೆಯೂ ಮಣ್ಣಿಗೆ ಕಾಲಿಡದೆ ಮನೆಗೆ ಮರಳುತ್ತಾರೆ. ಬೆಂಗಳೂರಿನಲ್ಲಿ ಗಿಡಮರಗಳಿಗೆ ಬರವೇನಿಲ್ಲ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ ಈಗ 240 ಎಕರೆಯಷ್ಟು ವಿಸ್ತಾರವಾಗಿದೆ, ಬೀದಿಬೀದಿಯಲ್ಲಿ ಹೊಂಗೆ, ಮಳೆಮರಗಳಿವೆ. ಆದರೆ ಅವನ್ನೆಲ್ಲ ನಾವು ನೋಡುತ್ತೇವೆ, ಅಷ್ಟೇ. ಅಗೆದು, ಬಿತ್ತಿ, ನೀರುಣಿಸಿ, ಮೊಳಕೆಗಾಗಿ ಕಾದು ಕುಳಿತು ಪ್ರಕೃತಿಯನ್ನು ಬಲ್ಲವರು ನಗರದಲ್ಲಿ ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ನೋಡುವುದಕ್ಕೂ ಮುಟ್ಟುವುದಕ್ಕೂ ಎಷ್ಟು ಅಂತರವಿದೆ ಎಂಬುದು ನನಗೆ ಮನದಟ್ಟಾದದ್ದು ನಾಲ್ಕು ವರ್ಷಗಳ ಹಿಂದೆ, ಕಸ ಸುರಿಯುತ್ತಿದ್ದ ಖಾಲಿ ನಿವೇಶನವೊಂದನ್ನು ಹದಿನೈದಿಪ್ಪತ್ತು ಮನೆಯವರು ಸೇರಿ ತೋಟ ಮಾಡಲು ಹೊರಟಾಗ.

ಮೊದಲ ಭಾನುವಾರ ಪಾತಿ ಅಗೆಯುವಾಗ ನೆರೆಮನೆಯ ಏಳು ವರ್ಷದ ಹುಡುಗಿ ಮಣ್ಣಾದ ತನ್ನ ಅಂಗೈಯನ್ನು ನನ್ನ ಮುಂದೆ ಚಾಚಿ, "ಅಂಕಲ್, ಇದು ಗಲೀಜಾ?" ಎಂದು ಕೇಳಿದಳು. ಮಣ್ಣು, ಕೆಸರು, ಧೂಳು, ಕೊಳೆ ಎಂದು ನಾಲ್ಕು ಬೇರೆಬೇರೆ ಮಾತುಗಳಿರುವ ಭಾಷೆಯಲ್ಲಿ ಬೆಳೆಯುತ್ತಿರುವ ಮಗು ಅದು. ಆದರೆ ಅವಳ ಪಾಲಿಗೆ ನಾಲ್ಕೂ ಒಂದೇ ಆಗಿಬಿಟ್ಟಿದ್ದವು.

ಆ ಪ್ರಶ್ನೆಗೆ ಒಳ್ಳೆಯ ಉತ್ತರ ಫಿನ್ಲೆಂಡ್‌ನಲ್ಲಿ ಸಿಕ್ಕಿದೆ. ಅಲ್ಲಿನ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 3ರಿಂದ 5 ವರ್ಷದ 75 ಮಕ್ಕಳಿದ್ದರು. ನಗರದ ಶಿಶುವಿಹಾರಗಳ ಬೋಳು ಅಂಗಳಕ್ಕೆ ಕಾಡಿನ ನೆಲವನ್ನೇ ಹುಲ್ಲು, ಪಾಚಿ, ಕುರುಚಲು ಗಿಡಗಳ ಸಮೇತ ಹಾಳೆಹಾಳೆಯಾಗಿ ತಂದು ಹಾಸಿದರು. ಗಿಡ ನೆಡಲು ಪೆಟ್ಟಿಗೆಗಳನ್ನು ಇಟ್ಟರು. ಮಕ್ಕಳು ಅದರಲ್ಲಿ ಅಗೆದರು, ಹೊರಳಾಡಿದರು, ಸಸಿ ನೆಟ್ಟರು. ಇನ್ನು ಕೆಲವು ಶಿಶುವಿಹಾರಗಳ ಅಂಗಳವನ್ನು ಹೋಲಿಕೆಗಾಗಿ ಇದ್ದಂತೆಯೇ ಬಿಡಲಾಯಿತು. ಕೇವಲ 28 ದಿನಗಳ ನಂತರ ನೋಡಿದರೆ, ಮಣ್ಣಿನಲ್ಲಿ ಆಡಿದ ಮಕ್ಕಳ ಚರ್ಮದ ಮೇಲೆ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು ನೆಲೆಸಿದ್ದವು. ರಕ್ತದಲ್ಲಿಯೂ ಬದಲಾವಣೆ ಕಂಡಿತು. ಉರಿಯೂತವನ್ನು ತಗ್ಗಿಸುವ ಸಂಕೇತಗಳು ಅದನ್ನು ಕೆರಳಿಸುವ ಸಂಕೇತಗಳಿಗಿಂತ ಮೇಲುಗೈ ಪಡೆಯತೊಡಗಿದ್ದವು.

ಇದರ ಅರ್ಥ ತಿಳಿಯಲು ಹಳ್ಳಿಯ ನಾಯಿಯನ್ನು ನೆನೆಯಬೇಕು. ಬೀದಿಯಲ್ಲಿ ಬೆಳೆದ ನಾಯಿಗೆ ಊರಿನವರು ಯಾರು, ಹಾಲು ಹಾಕುವವನು ಯಾರು, ಹೊರಗಿನವನು ಯಾರು ಎಂಬುದೆಲ್ಲ ಗೊತ್ತು. ಅದು ಬೊಗಳಬೇಕಾದಾಗ ಮಾತ್ರ ಬೊಗಳುತ್ತದೆ. ಹುಟ್ಟಿದಂದಿನಿಂದ ಕೋಣೆಯೊಳಗೆ ಕೂಡಿಹಾಕಿದ ನಾಯಿ ಎಲೆ ಅಲ್ಲಾಡಿದರೂ ಎಗರಿ ಬೀಳುತ್ತದೆ. ನಮ್ಮ ರೋಗನಿರೋಧಕ ವ್ಯವಸ್ಥೆಯೂ ಹಾಗೆಯೇ. ಮಣ್ಣು, ಎಲೆ, ಪ್ರಾಣಿಗಳ ಜೊತೆಗಿನ ಒಡನಾಟದಲ್ಲಿ ನಿರುಪದ್ರವಿ ಜೀವಿಗಳನ್ನು ಅದು ಗುರುತಿಸಲು ಕಲಿಯುತ್ತದೆ. ಆ ಪಾಠ ಸಿಗದಿದ್ದರೆ ಪರಾಗ, ಧೂಳಿನ ಕಣಗಳ ಮೇಲೂ ಯುದ್ಧ ಸಾರುತ್ತದೆ, ಅದನ್ನೇ ನಾವು ಅಲರ್ಜಿ ಎನ್ನುತ್ತೇವೆ. ಫಿನ್ಲೆಂಡ್‌ನ ಪ್ರಯೋಗ ಸಣ್ಣದು. ಆ ಮಕ್ಕಳಿಗೆ ಮುಂದೆ ಅಲರ್ಜಿ ಬರುವುದಿಲ್ಲವೆಂದು ಅದು ಹೇಳುವುದಿಲ್ಲ. ಆದರೂ ಒಂದು ಗ್ರಾಂ ಮಣ್ಣಿನಲ್ಲಿ ನೂರು ಕೋಟಿಯವರೆಗೂ ಇರಬಲ್ಲ ಬ್ಯಾಕ್ಟೀರಿಯಾಗಳ ಜೊತೆ ನಮ್ಮ ಮೈಗೆ ಹಳೆಯ ನಂಟಿದೆ, ಅದನ್ನು ಒಂದೇ ತಿಂಗಳಲ್ಲಿ ಮತ್ತೆ ಬೆಸೆಯಬಹುದು ಎಂಬುದು ನನಗೆ ದೊಡ್ಡ ಭರವಸೆಯಾಗಿ ಕಾಣುತ್ತದೆ. ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ಗಲೀಜಲ್ಲ ಪುಟ್ಟಿ, ಇದು ಮಣ್ಣು. ಊಟಕ್ಕೆ ಮುಂಚೆ ಕೈ ತೊಳೆದುಕೋ, ಸಾಕು."

ತೋಟದ ಮೂಲೆಯ ಗೊಬ್ಬರದ ರಾಶಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೇಸಿಗೆಗೆ ಮುನ್ನ ನಮ್ಮ ಬೀದಿಯ ಮರಗಳು ಎಲೆ ಉದುರಿಸುತ್ತವೆ. ಮೊದಲೆಲ್ಲ ಅವನ್ನು ಗುಡಿಸಿ, ರಾಶಿ ಮಾಡಿ, ಬೆಂಕಿ ಹಚ್ಚುತ್ತಿದ್ದರು. ಆ ಹೊಗೆಯಲ್ಲಿ ಬೀದಿಯ ಮುದುಕರೆಲ್ಲ ಕೆಮ್ಮುತ್ತಿದ್ದರು. ಈಗ ಆ ತರಗೆಲೆಯನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿ ತೋಟಕ್ಕೆ ತರುತ್ತೇವೆ. ಒಂದು ಬಕೆಟ್ ತರಕಾರಿ ಸಿಪ್ಪೆಗೆ ಎರಡು ಮೂರು ಬಕೆಟ್ ತರಗೆಲೆ, ಇದು ನಮ್ಮ ಲೆಕ್ಕ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಶಕ್ತಿಗಾಗಿ ಇಂಗಾಲ ಬೇಕು, ಮೈ ಕಟ್ಟಲು ಸಾರಜನಕ ಬೇಕು. ಸುಮಾರು ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿದ್ದರೆ ಅವು ಹುರುಪಿನಿಂದ ದುಡಿಯುತ್ತವೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು. ಸಿಪ್ಪೆಯನ್ನೇ ತುಂಬಿದರೆ ರಾಶಿ ನಾರುತ್ತದೆ, ಎಲೆಯನ್ನೇ ತುಂಬಿದರೆ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ.

ಹದ ಕೂಡಿಬಂದ ರಾಶಿಯೊಳಗೆ ಮೂರನೆಯ ದಿನ ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ಹೊರಗೆಳೆಯಿರಿ. ತುದಿಯನ್ನು ಹಿಡಿಯಲಾಗದಷ್ಟು ಬಿಸಿಯಾಗಿರುತ್ತದೆ. ಅಗ್ಗಿಷ್ಟಿಕೆಯಿಲ್ಲ, ವಿದ್ಯುತ್ತಿಲ್ಲ, ಕೋಟ್ಯಂತರ ಜೀವಿಗಳ ಉಸಿರಾಟದ ಕಾವು ಅದು. ಒಳಗಿನ ತಾಪ 55ರಿಂದ 65 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಕಳೆಗಳ ಬೀಜಗಳೂ ಬಹುಪಾಲು ರೋಗಾಣುಗಳೂ ಆ ಬಿಸಿಗೆ ಸಾಯುತ್ತವೆ. ಚಳಿಗಾಲದ ಬೆಳಿಗ್ಗೆ ರಾಶಿಯನ್ನು ಮಗುಚಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಏಳುತ್ತದೆ. ಮಕ್ಕಳು ಇದನ್ನು ನೋಡಲೆಂದೇ ನಿದ್ದೆ ಬಿಟ್ಟು ಬರುತ್ತಾರೆ.

ಕಾವು ಇಳಿದ ಮೇಲೆ ಎಲೆಗಳ ಮೇಲೆ ಬೂದಿ ಎರಚಿದಂತೆ ಬಿಳಿಯ ಪುಡಿ ಕಾಣಿಸಿಕೊಳ್ಳುತ್ತದೆ. ಅದು ಆಕ್ಟಿನೊಬ್ಯಾಕ್ಟೀರಿಯಾಗಳ ಕೆಲಸ. ಮೊದಲ ಮಳೆಗೆ ನೆಲದಿಂದೇಳುವ ಪರಿಮಳದ ಮುಖ್ಯ ಅಂಶವೂ ಇವುಗಳದ್ದೇ. ಇವುಗಳ ಗುಂಪಿಗೇ ಸೇರಿದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕವದು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಬ್ಯಾಕ್ಟೀರಿಯಾ ಇಷ್ಟು ಶ್ರಮಪಟ್ಟು ಪರಿಮಳ ಬೀರುವುದು ನಮಗಾಗಿ ಅಲ್ಲ. ಗೊಬ್ಬರವನ್ನು ಅಂಗೈಯಲ್ಲಿ ಹರಡಿ ದಿಟ್ಟಿಸಿದರೆ ಎಳ್ಳಿಗಿಂತ ಚಿಕ್ಕ ಜೀವಿಗಳು ಚಿಮ್ಮಿ ಮಾಯವಾಗುವುದು ಕಾಣುತ್ತದೆ. ಇವು ಸ್ಪ್ರಿಂಗ್‌ಟೇಲ್‌ಗಳು, ಹೊಟ್ಟೆಯ ಕೆಳಗೆ ಮಡಚಿಟ್ಟ ಕವಲು ಬಾಲವನ್ನು ಬಿಚ್ಚಿ ನೆಗೆಯುವ ಆರು ಕಾಲಿನ ಜೀವಿಗಳು. ಜಿಯೋಸ್ಮಿನ್ ವಾಸನೆ ಹಿಡಿದು ಬಂದು ಇವು ಸ್ಟ್ರೆಪ್ಟೊಮೈಸಿಸ್ ಅನ್ನು ಮೇಯುತ್ತವೆ, ಮೈಗೆ ಅಂಟಿದ ಅದರ ಬೀಜಕಣಗಳನ್ನು ಹೊತ್ತು ಮಣ್ಣೆಲ್ಲ ಹರಡುತ್ತವೆ. 2020ರಲ್ಲಿ ಇದು ತಿಳಿದುಬಂದಾಗಿನಿಂದ ಮುಂಗಾರಿನ ಮೊದಲ ಹನಿ ಬಿದ್ದಾಗಲೆಲ್ಲ ನನಗೆ ಆ ಪುಟ್ಟ ಅತಿಥಿಗಳ ನೆನಪಾಗುತ್ತದೆ.

ಜನ ಸೇರಿ ತೋಟ ಮಾಡುವುದು ಹೊಸದೇನಲ್ಲ. 1973ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಜ್ ಕ್ರಿಸ್ಟಿ ಮತ್ತು ಗೆಳೆಯರು ಕಸ ತುಂಬಿದ ಜಾಗವೊಂದನ್ನು ಶುಚಿಮಾಡಿ ಬೆಳೆಸಿದ ತೋಟ ಇಂದಿಗೂ ಇದೆ. ಬೆಂಗಳೂರಿನಲ್ಲಿ ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟದ ಪಾಠ ಹೇಳಿ ಎಷ್ಟೋ ಮನೆಗಳ ಮಾಳಿಗೆಯನ್ನು ಹಸಿರಾಗಿಸಿದರು. ಇದರಿಂದ ಆರೋಗ್ಯಕ್ಕೆ ನಿಜಕ್ಕೂ ಲಾಭವಿದೆಯೇ ಎಂದು ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದು ಅಮೆರಿಕದ ಡೆನ್ವರ್ ನಗರದಲ್ಲಿ. ತೋಟಗಾರಿಕೆಯ ಅಭ್ಯಾಸವಿಲ್ಲದ 291 ಮಂದಿಯಲ್ಲಿ ಚೀಟಿ ಎತ್ತಿದಂತೆ ಆರಿಸಿ, ಅರ್ಧದಷ್ಟು ಜನರಿಗೆ ಸಮುದಾಯ ತೋಟದಲ್ಲಿ ಪಾತಿ, ಬೀಜ, ಸಸಿ ಕೊಟ್ಟರು. ಉಳಿದವರು ಒಂದು ವರ್ಷ ಕಾಯಬೇಕಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೋಟ ಮಾಡಿದವರು ದಿನಕ್ಕೆ ಸುಮಾರು 1.4 ಗ್ರಾಂ ಹೆಚ್ಚು ನಾರಿನಂಶ ತಿನ್ನುತ್ತಿದ್ದರು, ವಾರಕ್ಕೆ ನಲವತ್ತು ನಿಮಿಷದಷ್ಟು ಹೆಚ್ಚು ಮೈಬಗ್ಗಿಸಿ ದುಡಿಯುತ್ತಿದ್ದರು. ಒತ್ತಡ, ಆತಂಕಗಳು ಕಡಿಮೆಯಾಗಿದ್ದವು. ಸಂಖ್ಯೆಗಳು ಚಿಕ್ಕವು ಎನಿಸಬಹುದು. ಆದರೆ ವೈದ್ಯರ ಎಚ್ಚರಿಕೆಗೂ ಬಗ್ಗದ ಮೈಯನ್ನು ಒಂದು ಸಾಲು ಮೂಲಂಗಿ ಬಗ್ಗಿಸುತ್ತದೆಂದರೆ ಅದನ್ನು ಕಡೆಗಣಿಸಲಾಗದು.

ಅಂಕಿಗಳಲ್ಲಿ ಹಿಡಿಯಲಾಗದ್ದೂ ಒಂದಿದೆ. ಎರಡನೆಯ ಮಳೆಗಾಲದಲ್ಲಿ ನಾವೆಲ್ಲ ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕೀಳುತ್ತಿದ್ದೆವು. ಎದುರು ಮನೆಯ ಕೆಲಸ ಮುಗಿಸಿ ಹೊರಟಿದ್ದ ಅಜ್ಜಿಯೊಬ್ಬರು ಬೇಲಿಯ ಬಳಿ ನಿಂತು, ನಾವು ಕಿತ್ತೆಸೆದ ರಾಶಿಯನ್ನು ಕಂಡು ನೊಂದುಕೊಂಡರು. "ಎಸೆಯಬೇಡಿ ಸ್ವಾಮಿ. ಇದು ಗೋಣಿ ಸೊಪ್ಪು, ಇದು ಅಣ್ಣೆ ಸೊಪ್ಪು, ಇದು ಕೊಮ್ಮೆ. ಬೇಳೆ ಹಾಕಿ ಮಸೆದರೆ ಎರಡು ಹೊತ್ತಿಗೆ ಸಾರಾಗುತ್ತದೆ." ಸೆರಗಿನಲ್ಲಿ ಕಟ್ಟಿಕೊಂಡು ಹೋದ ಅವರು ಮರುದಿನ ಒಂದು ಡಬ್ಬಿ ಬೆರಕೆ ಸೊಪ್ಪಿನ ಸಾರು ತಂದುಕೊಟ್ಟರು. ಅಂದಿನಿಂದ ಕಳೆ ತೆಗೆಯುವ ದಿನ ಅವರೇ ನಮಗೆ ಮೇಷ್ಟರು.

ಆ ಗೋಣಿ ಸೊಪ್ಪನ್ನೇ ನೋಡಿ. ನೆಲಕ್ಕೆ ಅಂಟಿ ಹಬ್ಬುವ ಕೆಂಪು ಕಾಂಡ, ದಪ್ಪ ಎಲೆ. ಒಮೆಗಾ-3 ಕೊಬ್ಬಿನಾಮ್ಲ ಇದರಲ್ಲಿರುವಷ್ಟು ಬೇರೆ ಸೊಪ್ಪುಗಳಲ್ಲಿ ಸಿಗುವುದು ಅಪರೂಪ. ಆಕ್ಸಲೇಟ್ ಕೂಡ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವವರು ಮಿತವಾಗಿ ತಿನ್ನಬೇಕು. ಬಿಸಿಲನ್ನು ಆಹಾರವಾಗಿಸಲು ಮೆಕ್ಕೆಜೋಳ ಬಳಸುವ ವೇಗದ ದಾರಿಯೂ ಇದಕ್ಕೆ ಗೊತ್ತು, ನೀರು ಬತ್ತಿದಾಗ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿ ರಾತ್ರಿ ಗಾಳಿಯನ್ನು ಒಳಗೆ ತೆಗೆದುಕೊಳ್ಳುವ ಪಾಪಸುಕಳ್ಳಿಯ ದಾರಿಯೂ ಗೊತ್ತು. ಎರಡನ್ನೂ ಬಲ್ಲ ಸಸ್ಯಗಳು ತೀರಾ ಕಡಿಮೆ. ಅಂಥದ್ದನ್ನು ನಾವು ಕಸವೆಂದು ಕೀಳುತ್ತಿದ್ದೆವು.

ತೋಟ ಮಾಡಹೊರಟವರಿಗೆ ಒಂದು ಎಚ್ಚರಿಕೆ. ನಗರದ ಮಣ್ಣಿನಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದು 2000ದಲ್ಲಿ. ಅಲ್ಲಿಯವರೆಗೆ ಹೊಗೆಯಲ್ಲಿ ಬಿದ್ದದ್ದು, ಹಳೆಯ ಬಣ್ಣದಿಂದ ಉದುರಿದ್ದು ಕೊಳೆತು ಹೋಗುವ ವಸ್ತುವಲ್ಲ, ಮೇಲ್ಮಣ್ಣಿನಲ್ಲೇ ಕುಳಿತಿರುತ್ತದೆ. ಮುಖ್ಯರಸ್ತೆಯ ಪಕ್ಕ, ಕಟ್ಟಡ ಕೆಡವಿದ ಜಾಗಗಳಲ್ಲಿ ಇಟ್ಟಿಗೆ ಕಟ್ಟಿ, ಹೊರಗಿನ ಮಣ್ಣು ಗೊಬ್ಬರ ತುಂಬಿ, ಒಂದಡಿಗಿಂತ ಎತ್ತರದ ಪಾತಿ ಮಾಡಿಕೊಳ್ಳುವುದು ಕ್ಷೇಮ. ಗೊಬ್ಬರವೂ ಸೀಸವನ್ನು ಗಿಡಕ್ಕೆ ಸುಲಭವಾಗಿ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಅನುಮಾನವಿದ್ದ ಕಡೆ ಸೊಪ್ಪು, ಗೆಡ್ಡೆಗಳ ಬದಲು ಬದನೆ, ಟೊಮೆಟೊದಂಥ ಕಾಯಿಗಳನ್ನು ಬೆಳೆಯಬೇಕು. ಮಣ್ಣು ಪರೀಕ್ಷೆಗೆ ಕೊಡುವಾಗ ಸೀಸವನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಬೇಕು, ಮಾಮೂಲಿ ಪರೀಕ್ಷೆ ಪೋಷಕಾಂಶಗಳನ್ನಷ್ಟೇ ಅಳೆಯುತ್ತದೆ.

ಬದನೆಯ ಮಾತು ಬಂದಿದ್ದರಿಂದ ಅದರ ಹೂವಿನ ಬಗ್ಗೆ ಹೇಳಲೇಬೇಕು. ನೇರಳೆ ದಳಗಳ ನಡುವೆ ಹಳದಿ ಕೇಸರಗಳು ಕೋನಾಕಾರದಲ್ಲಿ ಒತ್ತಾಗಿ ನಿಂತಿರುತ್ತವೆ. ಪರಾಗ ಅವುಗಳೊಳಗೆ ಬಂದಿಯಾಗಿರುತ್ತದೆ, ಉಪ್ಪಿನ ಡಬ್ಬಿಗೆ ಇರುವಂತೆ ತುದಿಯಲ್ಲಿ ಮಾತ್ರ ಸಣ್ಣ ತೂತು. ಹೆಜ್ಜೇನು, ತುಡುವೆಗಳಿಗೆ ಅದನ್ನು ಉದುರಿಸುವ ಉಪಾಯ ಗೊತ್ತಿಲ್ಲ. ನೀಲಿ ಪಟ್ಟಿಗಳ ಒಂಟಿ ಜೇನೊಂದು ಬರುತ್ತದೆ, ಹೂವನ್ನು ತಬ್ಬಿ ಹಿಡಿಯುತ್ತದೆ, ರೆಕ್ಕೆಗಳನ್ನು ಆಡಿಸದೆಯೇ ಹಾರಾಟದ ಸ್ನಾಯುಗಳನ್ನು ಸೆಕೆಂಡಿಗೆ ನೂರಾರು ಬಾರಿ ಕಂಪಿಸುತ್ತದೆ. ಝುಯ್ಯೆಂಬ ತಾರಕ ಸದ್ದು. ಪರಾಗ ಅದರ ಎದೆಯ ಮೇಲೆ ಹಿಟ್ಟಿನಂತೆ ಸುರಿಯುತ್ತದೆ. ಗಾಳಿಗೆ ಅಲುಗಿಯೂ ಬದನೆ ಕಾಯಿ ಕಟ್ಟೀತು, ಆದರೆ ಇವು ಬಂದಲ್ಲಿ ಕಾಯಿ ಚೆನ್ನಾಗಿ ಕಚ್ಚುತ್ತದೆ.

ಈ ಜೇನು ಮರದಲ್ಲಿ ತಟ್ಟಿ ಕಟ್ಟುವುದಿಲ್ಲ. ಹೆಣ್ಣು ಒಂಟಿಯಾಗಿ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಕಳೆದ ವರ್ಷ ತೋಟದ ಕಾಲುದಾರಿಗೆ ಸಿಮೆಂಟ್ ಬ್ಲಾಕ್ ಹಾಸಲು ಹಣ ಕೂಡಿಸಿದ್ದೆವು. ಕೆಲಸದವರು ಬಂದ ದಿನ, ಗಲೀಜಾ ಎಂದು ಕೇಳಿದ್ದ ಅದೇ ಹುಡುಗಿ ಓಡಿಬಂದು ಬದನೆ ಪಾತಿಯ ಅಂಚಿನಲ್ಲಿ ಪೆನ್ಸಿಲ್ ಗಾತ್ರದ ಐದಾರು ತೂತುಗಳನ್ನು ತೋರಿಸಿದಳು. ಒಂದರಿಂದ ನೀಲಿ ಪಟ್ಟಿ ಇಣುಕುತ್ತಿತ್ತು. ಸುತ್ತ ರಂಗೋಲಿ ಪುಡಿಯಿಂದ ಗೆರೆ ಎಳೆದು ಅಷ್ಟು ಜಾಗವನ್ನು ಬಿಡಿಸಿದೆವು. ದಾರಿ ಈಗ ಅಲ್ಲಿ ಸೊಟ್ಟಗಾಗಿದೆ, ಮಳೆ ಬಂದರೆ ಮೂರು ಹೆಜ್ಜೆ ಕೆಸರು ತುಳಿಯಬೇಕು.