ಓದುವಾಗ ಹಾಡು ಬೇಕೇ? ಬೇಕಾದರೆ ಯಾವುದು?

ಪ್ರಶ್ನೆ: ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಇಯರ್‌ಫೋನ್ ಇಲ್ಲದೆ ಪುಸ್ತಕವನ್ನೇ ತೆರೆಯುವುದಿಲ್ಲ. 'ಹಾಡು ಇದ್ದರೇ ತಲೆಗೆ ಹೋಗೋದು' ಅನ್ನುತ್ತಾಳೆ. ಅವಳಪ್ಪ ಬೈಯುತ್ತಾರೆ. ಓದಿಗೆ ಸಹಾಯ ಮಾಡುವ ಸಂಗೀತ ಅಂತ ನಿಜವಾಗಿಯೂ ಇದೆಯೇ? ಇದ್ದರೆ ಯಾವುದು?
(ಕುಮಟಾದ ಒಬ್ಬ ತಾಯಿ)

ಉತ್ತರ: ಕೇಳಿದರೆ ಅಂಕ ಜಾಸ್ತಿ ಬರುವ ಸಂಗೀತವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಓದನ್ನು ಹೆಚ್ಚು ಕೆಡಿಸುವ ಸಂಗೀತ, ಕಡಿಮೆ ಕೆಡಿಸುವ ಸಂಗೀತ ಅಂತ ಎರಡು ಬಗೆ ಮಾತ್ರ ಇವೆ. ಆಯ್ಕೆ ಮಾಡಬೇಕಾದದ್ದು ಇವುಗಳ ನಡುವೆ.

ಬಾಯಿ ಮುಚ್ಚಿಕೊಂಡು ಓದುವಾಗಲೂ ತಲೆಯೊಳಗೆ ಒಂದು ದನಿ ಓದುತ್ತಲೇ ಇರುತ್ತದೆ. ಆವರ್ತ ಕೋಷ್ಟಕದ ಮೊದಲ ಇಪ್ಪತ್ತು ಧಾತುಗಳನ್ನೋ ಮೈಸೂರು ಯುದ್ಧಗಳ ಇಸವಿಗಳನ್ನೋ ಉರು ಹೊಡೆಯುವಾಗ ಕೆಲಸವೆಲ್ಲ ಆ ದನಿಯದೇ. ಅದೇ ಹೊತ್ತಿಗೆ ಕಿವಿಯಿಂದ ಇನ್ನೊಂದು ಮಾತು ಒಳಗೆ ಬಂದರೆ, ನಾವು ಬೇಡ ಅಂದರೂ ಅದು ಅದೇ ಜಾಗಕ್ಕೆ ನುಗ್ಗುತ್ತದೆ. ಮನೋವಿಜ್ಞಾನಿಗಳಾದ ಸಲಾಮೆ ಮತ್ತು ಬ್ಯಾಡ್ಲಿ 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಅಂಕಿಗಳ ಸಾಲೊಂದನ್ನು ತೋರಿಸಿ, ಅದೇ ಕ್ರಮದಲ್ಲಿ ಹೇಳಿ ಎಂದಾಗ, ಹಾಡುಗಾರಿಕೆ ಕೇಳುತ್ತಿದ್ದವರು ಬರೀ ವಾದ್ಯ ಕೇಳುತ್ತಿದ್ದವರಿಗಿಂತ ಹೆಚ್ಚು ತಪ್ಪಿದರು.

'ನಾನು ಕೇಳೋದು ಕೊರಿಯನ್ ಹಾಡು, ಒಂದಕ್ಷರ ಅರ್ಥ ಆಗಲ್ಲ' ಎಂಬ ವಾದ ನಿಮ್ಮ ಮನೆಯಲ್ಲೂ ಬಂದಿರಬಹುದು. ಅದೂ ನಿಲ್ಲುವುದಿಲ್ಲ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಸಂಶೋಧಕರು ಇಂಗ್ಲಿಷ್ ಬಲ್ಲವರಿಗೆ ಜರ್ಮನ್ ಮಾತು ಕೇಳಿಸಿ ನೋಡಿದರು. ಆಗಲೂ ನೆನಪು ಕೆಟ್ಟಿತು. (ಕನ್ನಡ, ಕೊಂಕಣಿ, ಹಿಂದಿ, ಒಂದಿಷ್ಟು ಮರಾಠಿ ಎಲ್ಲ ಕಿವಿಗೆ ಬೀಳುವ ಕಾರವಾರದ ಮಕ್ಕಳಿಗೆ ಅರ್ಥವಾಗದ ಹಾಡು ಹುಡುಕುವುದೂ ಕಷ್ಟವೇ ಅನ್ನಿ.) ತುಂಬ ಇಷ್ಟದ ಹಾಡಾದರೆ? 2011ರಲ್ಲಿ ಪೆರಮ್ ಮತ್ತು ವಿಝಾರ್ಡ್ ಪ್ರಕಟಿಸಿದ ಪ್ರಯೋಗದಲ್ಲಿ ಇಷ್ಟದ ಹಾಡೂ ಇಷ್ಟವಿಲ್ಲದ ಹಾಡೂ ಒಂದೇ ಥರ ಅಡ್ಡಿ ಮಾಡಿದವು.

ಹಾಗಂತ ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದಲ್ಲ. ಸಂಗೀತ ಮನಸ್ಸಿಗೆ ಹುರುಪು ಕೊಡುತ್ತದೆ, ಬೇಸರ ಕಳೆಯುತ್ತದೆ, ಪುಸ್ತಕದ ಮುಂದೆ ಕೂರಿಸುತ್ತದೆ. ಈ ಹುರುಪನ್ನೇ ನೆನಪು ಅಂದುಕೊಂಡಾಗ ಎಡವಟ್ಟಾಗುತ್ತದೆ. ಮೊಝಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎಂಬ ಪುಕಾರು ಹುಟ್ಟಿದ್ದೂ ಹೀಗೆಯೇ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ ಅದಕ್ಕೆ ಮೂಲ. 36 ಕಾಲೇಜು ವಿದ್ಯಾರ್ಥಿಗಳು, ಹತ್ತು ನಿಮಿಷದ ಪಿಯಾನೋ ಸೊನಾಟಾ, ಆಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಡಿಸುವಂಥ ಲೆಕ್ಕ. ಸಿಕ್ಕ ಲಾಭ ಹತ್ತು ಹದಿನೈದು ನಿಮಿಷಕ್ಕೆ ಕರಗಿಹೋಯಿತು. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಮಗುವಿಗೆಲ್ಲ ಶಾಸ್ತ್ರೀಯ ಸಂಗೀತದ ಸಿ.ಡಿ. ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು! ಕೆನಡಾದ ಸಂಶೋಧಕರು 2001ರಲ್ಲಿ ತೋರಿಸಿದಂತೆ, ಆ ಲಾಭ ಬಂದದ್ದು ಚುರುಕಾದ ಮನಸ್ಸಿನಿಂದ, ಮೊಝಾರ್ಟ್‌ನಿಂದಲ್ಲ. ಆದ್ದರಿಂದ ಇಷ್ಟದ ಹಾಡನ್ನು ಓದಲು ಕೂರುವ ಮೊದಲು ಕೇಳಲಿ, ಬೇಕಾದರೆ ಕುಣಿಯಲಿ. ಕೂತ ಮೇಲೆ ತೆಗೆದಿಡಲಿ.

ಕೂತ ಮೇಲೂ ಏನಾದರೂ ಬೇಕೇ ಬೇಕು ಎಂದರೆ ನನ್ನ ಮತ ತಂಬೂರಿಗೆ. ಒಂದೇ ಸಮನೆ ಇರುವ ಸದ್ದು ನೆನಪನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಸದ್ದು ಕೆಡಿಸುತ್ತದೆ. ಇದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ನಾಲ್ಕು ತಂತಿಗಳು ಸುತ್ತಿ ಸುತ್ತಿ ಮಿಡಿಯುತ್ತಲೇ ಇರುವ ಶ್ರುತಿಯಲ್ಲಿ ಮಾತಿಲ್ಲ, ಕಥೆಯಿಲ್ಲ, 'ಮುಂದೇನು' ಎಂಬ ಕುತೂಹಲವಿಲ್ಲ. ಹಿಂದೂಸ್ತಾನಿಯ ಗಾಳಿ ಇರುವ ನಮ್ಮ ಜಿಲ್ಲೆಯಲ್ಲಿ ತಂಬೂರಿಯ ಆ್ಯಪ್ ಇರುವ ಫೋನ್ ಪಕ್ಕದ ಮನೆಯಲ್ಲೇ ಸಿಕ್ಕೀತು. ಅದು ತೀರಾ ಸಪ್ಪೆ ಅನ್ನಿಸಿದರೆ ಕೊಳಲಿನ ಆಲಾಪ ಆದೀತು, ತಬಲಾ ಸೇರುವ ತನಕ. ಸಿತಾರಿನ ಝಾಲಾ, ಅಂದರೆ ಕೊನೆಗೆ ಬರುವ ಆ ವೇಗದ ಮೀಟು, ಬೇಡ.

ಮಗಳು ತಬಲಾ ಕ್ಲಾಸಿಗೆ ಹೋಗುವವಳಾದರೆ ಇನ್ನೂ ಎಚ್ಚರ ಬೇಕು. ಅವಳ ಬೆರಳು ಪುಟದ ಮೇಲೆ ಮಾತ್ರೆ ಎಣಿಸಲು ಶುರುಮಾಡುತ್ತದೆ, ಪಾಠ ಅಲ್ಲೇ ಉಳಿಯುತ್ತದೆ.

ಯಕ್ಷಗಾನದ ಪದಗಳೂ ಈ ಲೆಕ್ಕದಲ್ಲಿ ಕೂರುವುದಿಲ್ಲ. ಭಾಗವತರು ಏರು ದನಿ ತೆಗೆದು ಚಂಡೆ ಬಿದ್ದಮೇಲೂ ಪುಸ್ತಕದಲ್ಲೇ ಕಣ್ಣಿಡುವ ಮಗು ಈ ಕರಾವಳಿಯಲ್ಲಿ ಹುಟ್ಟಿಲ್ಲ. ತಾಳಮದ್ದಳೆಯಂತೂ ಮಾತಿನದೇ ಕಲೆ. ಅದರ ಮುಂದೆ ಸಮಾಜವಿಜ್ಞಾನ ಸೋಲಲೇಬೇಕು.

ಎಲ್ಲ ಕೆಲಸಕ್ಕೂ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ರೆಕಾರ್ಡ್ ಬರೆಯುವಾಗ, ನಕ್ಷೆಗೆ ಬಣ್ಣ ತುಂಬುವಾಗ, ಬಲ್ಲ ಲೆಕ್ಕಗಳನ್ನೇ ಮತ್ತೆ ಮಾಡುವಾಗ ಸಿನಿಮಾ ಹಾಡಿದ್ದರೂ ಅಡ್ಡಿಯಿಲ್ಲ.

ನಿಮ್ಮ ಮನೆಯ ಜಗಳಕ್ಕೆ ಒಂದು ಪರಿಹಾರ: ಒಂದೇ ಕಷ್ಟದ ಎರಡು ಪಾಠಗಳಲ್ಲಿ ಒಂದನ್ನು ಹಾಡಿನ ಜೊತೆ ಓದಲಿ, ಇನ್ನೊಂದನ್ನು ಹಾಡಿಲ್ಲದೆ. ಮರುದಿನ ಪುಸ್ತಕ ಮುಚ್ಚಿ ಎರಡರಿಂದಲೂ ಪ್ರಶ್ನೆ ಕೇಳಿ. ಕೇಳುವ ಕೆಲಸ ಅಪ್ಪನಿಗೆ ಬೇಡ, ಅವರು ಆಗಲೇ ಪಕ್ಷ ಹಿಡಿದಿದ್ದಾರೆ.

ಇನ್ನು ಹೊರಗಿನ ಗದ್ದಲ. ಮಾರ್ಚ್ ಅಂದರೆ ಪರೀಕ್ಷೆಯೂ ಹೌದು, ಜಾತ್ರೆ, ಬಯಲಾಟಗಳ ಕಾಲವೂ ಹೌದು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆಯ ಜಾತ್ರೆ ಪರೀಕ್ಷೆಯ ತಯಾರಿಯ ನಡುವೆಯೇ ಬೀಳುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಿಯಮ ಹಿಡಿದು ಊರಿನ ಎದುರು ನಿಲ್ಲುವುದಕ್ಕಿಂತ ಫ್ಯಾನ್ ಹಾಕುವುದು ಸುಲಭ. ಮೈಕಿನ ಮಾತು ಕಿವಿಗೆ ಬೀಳುವಾಗ ಅದನ್ನು ಮುಚ್ಚುವಂಥ ಏಕನಾದ ನಿಜಕ್ಕೂ ಉಪಕಾರಿ: ಫ್ಯಾನು, ತಂಬೂರಿ, ಇಲ್ಲವೇ ಮಳೆಯ ರೆಕಾರ್ಡಿಂಗ್. ಜೂನ್‌ನಿಂದ ಹಂಚಿನ ಮೇಲೆ ಬಿಟ್ಟಿಯಾಗಿ ಸಿಗುವುದನ್ನು ಮಾರ್ಚಿನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಬೇಕು, ಅಷ್ಟೇ.

ದನಿ ಮಾತ್ರ ತಗ್ಗಿರಲಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹಾಕಿಕೊಟ್ಟಿರುವ ಮಿತಿ 75 ಡೆಸಿಬಲ್, ಅದೂ ವಾರಕ್ಕೆ 40 ಗಂಟೆ. ಮನೆಯಲ್ಲಿ ಡೆಸಿಬಲ್ ಅಳೆಯುವವರು ಯಾರು? ಮಾಮೂಲಿ ದನಿಯಲ್ಲಿ ಕರೆದಾಗ ಅವಳು ಓಗೊಟ್ಟರೆ ಸರಿ ಎಂದುಕೊಳ್ಳಿ. ಸಾಧ್ಯವಾದರೆ ಇಯರ್‌ಫೋನ್ ಬಿಟ್ಟು ಸಣ್ಣ ಸ್ಪೀಕರ್ ಇಡಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ತಂಬೂರಿಯ ನಡುವೆ ಬಂದು ಕೂಗುವ ಜಾಹೀರಾತು ಹಾಡಿಗಿಂತ ಕೆಟ್ಟದ್ದು.

ಕೊನೆಯ ಎರಡು ವಾರ ತಂಬೂರಿಯೂ ಬೇಡ. 1975ರಲ್ಲಿ ಮುಳುಗುಗಾರರ ಮೇಲೆ ಒಂದು ಪ್ರಸಿದ್ಧ ಪ್ರಯೋಗ ನಡೆದಿತ್ತು: ನೀರಿನೊಳಗೆ ಕಲಿತ ಪದಗಳು ನೀರಿನೊಳಗೇ ಚೆನ್ನಾಗಿ ನೆನಪಾದವು, ದಡದಲ್ಲಿ ಕಲಿತದ್ದು ದಡದಲ್ಲಿ. ನೇತ್ರಾಣಿಯಲ್ಲಿ ಸ್ಕೂಬಾ ಮಾಡುವವರಿಗೆ ಹೇಳಲು ಚೆಂದದ ಕಥೆ, ಆದರೆ 2021ರಲ್ಲಿ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಹಾಗಾಗಿ ಹಾಡಿನ ಜೊತೆ ಓದಿದ್ದು ಹಾಡಿಲ್ಲದ ಕೋಣೆಯಲ್ಲಿ ಮರೆತೇ ಹೋಗುತ್ತದೆ ಎಂದು ನಾನು ಹೆದರಿಸುವುದಿಲ್ಲ. ನನ್ನ ಕಾರಣ ಇನ್ನೂ ಸರಳ: ಪರೀಕ್ಷಾ ಕೊಠಡಿಯ ಮೂರು ಗಂಟೆಯ ಮೌನದಲ್ಲಿ ಕೂರುವುದಕ್ಕೂ ರೂಢಿ ಬೇಕು. ಬೆಳಿಗ್ಗೆ ಹತ್ತಕ್ಕೆ ಮಾದರಿ ಪ್ರಶ್ನೆಪತ್ರಿಕೆ ಕೊಟ್ಟು, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಒಂದೇ ಕೂರುವಿಕೆಯಲ್ಲಿ ಬರೆಸಿ.